ನಮ್ಮ ಕಾಲದ ಬಿಯರು: ಜಮಖಂಡಿ ಸೀಮೆಯ ಪಾನಚರಿತ್ರೆ



ನಮ್ಮ ಧರ್ಮಕೇಂದ್ರಗಳ ಮದುವೆಯ ಊಟಗಳಲ್ಲಿ ಅರವತ್ತು ದಾಟಿದ ನಾಲ್ಕು ಜನ ಒಂದು ಮೇಜಿನ ಸುತ್ತ ಕುಳಿತರೆ, ಮಾತು ಮಕ್ಕಳ ನೌಕರಿಯಿಂದ ಆರಂಭವಾಗಿ ಸಕ್ಕರೆ ಕಾಯಿಲೆಯನ್ನು ಹಾದು, ಕೊನೆಗೆ ತಪ್ಪದೆ ಒಂದು ಕಡೆಗೆ ಬಂದು ನಿಲ್ಲುತ್ತದೆ: "ನಮ್ಮ ಕಾಲದ ಬಿಯರು ಈಗ ಎಲ್ಲಿದೆ?" ಗೋವೆಯ ಕಡೆಯವರು ಅರ್ಲೆಮ್ ಮತ್ತು ಕಿಂಗ್ಸ್ ಹೆಸರು ಹೇಳುತ್ತಾರೆ. ಬೆಂಗಳೂರಿನಲ್ಲಿ ಓದಿದವರು ಕಲ್ಯಾಣಿ ಬ್ಲ್ಯಾಕ್ ಲೇಬಲ್, ನಾಕ್ ಔಟ್ ಎನ್ನುತ್ತಾರೆ. ಗ್ಲಿಸರಿನ್ ಇಳಿದುಹೋಗಲೆಂದು ಬಾಟಲಿಯನ್ನು ನೀರಿನ ಲೋಟದಲ್ಲಿ ತಲೆಕೆಳಗು ಮಾಡಿ ಹಿಡಿಯುತ್ತಿದ್ದ ಕಥೆಯನ್ನು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. (ಅದು ಬರಿಯ ನಂಬಿಕೆ. ಆದರೆ ಓದಿದವರೂ ಅದನ್ನು ಶ್ರದ್ಧೆಯಿಂದ ಆಚರಿಸಿದರು.) ಮೇಜಿನ ಆ ತುದಿಯಲ್ಲಿ ಕುಳಿತ ಅವರ ಮನೆಯವರು ಮಾತ್ರ ಈ ಮಾತಿಗೆ ಸೇರುವುದಿಲ್ಲ.

ಈ ಹಂಬಲವನ್ನು ಹಳಿಯಲು ನಾನು ಈ ಲೇಖನ ಬರೆಯುತ್ತಿಲ್ಲ. ಯೌವನದ ರುಚಿಗಳನ್ನು ಮನುಷ್ಯ ನೆನೆಯುವುದು ಸಹಜ. ಆದರೆ ಈ ನೆನಪು ಯಾವ ಊರಿನದು, ಯಾರದು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡಬೇಕೆನ್ನಿಸಿತು. ಅದಕ್ಕೆ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗಿಂತ ತಕ್ಕ ಸ್ಥಳ ಬೇರೆ ಇಲ್ಲ.

ಮೊದಲು ಆ ಹಳೆಯ ಬಾಟಲಿಗಳ ವಿಷಯ. ಭಾರತದಲ್ಲಿ ಬಿಯರು ಹುಟ್ಟಿದ್ದು ನಮ್ಮ ಬಾಯಾರಿಕೆಗಾಗಿ ಅಲ್ಲ, ದಂಡಿನ ಬಾಯಾರಿಕೆಗಾಗಿ. 1855ರ ಸುಮಾರಿಗೆ ಹಿಮಾಲಯದ ಕಸೌಲಿಯಲ್ಲಿ ಎಡ್ವರ್ಡ್ ಡಯರ್ ಎಂಬಾತ ಬಿಯರು ತಯಾರಿಕೆ ಆರಂಭಿಸಿದನು. ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಆಜ್ಞೆಯಿತ್ತ ಜನರಲ್ ಡಯರ್ ಈತನ ಮಗ. ದಕ್ಷಿಣದಲ್ಲಿ ನೀಲಗಿರಿ ಮತ್ತು ಬೆಂಗಳೂರಿನ ತಂಪು ಹವೆಯನ್ನು ನೋಡಿ ಹಲವು ಸಣ್ಣ ಕಾರ್ಖಾನೆಗಳು ಎದ್ದವು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟಿಷ್ ವರ್ತಕ ಇಂತಹ ಐದು ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದನು. ಆಗ ಬಿಯರನ್ನು ದೊಡ್ಡ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಗಳ ಮೇಲೆ ಬಿಳಿಯ ಸೈನಿಕರಿಗೆ ಒಯ್ಯುತ್ತಿದ್ದರು. 1947ರಲ್ಲಿ ವಿಠಲ ಮಲ್ಯ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ಕಿಂಗ್‌ಫಿಶರ್ ಹೆಸರು ಇಂದಿನ ರೂಪದಲ್ಲಿ ಮಾರುಕಟ್ಟೆಗೆ ಬಂದದ್ದು 1978ರಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಸಮೀಪ ಅವರ ಹಳೆಯ ಕಾರ್ಖಾನೆಯಿತ್ತು. ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಆ ದಾರಿಯಲ್ಲಿ ನಡೆದು ಹೋಗುವಾಗ ಬೇಯುವ ಧಾನ್ಯದ ಬೆಚ್ಚನೆಯ ವಾಸನೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ನಮ್ಮೂರಲ್ಲಿ ಅಂಬಲಿ ಕುದಿಯುವಾಗ ಬರುವ ವಾಸನೆಗೆ ಅದು ಬಲು ಹತ್ತಿರ. ಇಂದು ಆ ಜಾಗದಲ್ಲಿ ಯುಬಿ ಸಿಟಿಯ ಗಾಜಿನ ಗೋಪುರಗಳಿವೆ.

ಉಳಿದ ಹೆಸರುಗಳ ಕಥೆ ಬೇಗ ಮುಗಿಯುತ್ತದೆ. ನಾಕ್ ಔಟ್ ತಯಾರಿಸುತ್ತಿದ್ದ ಮೈಸೂರ್ ಬ್ರೂವರೀಸ್ 2000ದ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕಾ ಮೂಲದ ಕಂಪನಿಯ ಕೈಸೇರಿತು. ಆ ಕಂಪನಿಯನ್ನು 2016ರಲ್ಲಿ ಬೆಲ್ಜಿಯಂ ಮೂಲದ ಇನ್ನೊಂದು ಕಂಪನಿ ಕೊಂಡಿತು. ಯುನೈಟೆಡ್ ಬ್ರೂವರೀಸ್‌ನ ಹತೋಟಿ 2021ರಲ್ಲಿ ನೆದರ್‌ಲ್ಯಾಂಡಿನ ಹೈನೆಕೆನ್ ಪಾಲಾಯಿತು. 1993ರಲ್ಲಿ ಕೋಕಾ-ಕೋಲಾ ಕಂಪನಿ ಥಮ್ಸ್ ಅಪ್ ಮತ್ತು ಗೋಲ್ಡ್ ಸ್ಪಾಟ್‌ಗಳನ್ನು ಕೊಂಡಾಗ ನಮ್ಮ ಮಕ್ಕಳ ಬಾಟಲಿಗೆ ಆದದ್ದೇ ಮುಂದೆ ದೊಡ್ಡವರ ಬಾಟಲಿಗೂ ಆಯಿತು. ಹೆಸರು ಉಳಿದರೆ ರುಚಿ ಉಳಿಯಲಿಲ್ಲವೆಂದು ಹಿರಿಯರು ದೂರುತ್ತಾರೆ. ನನ್ನನ್ನು ಕೇಳಿದರೆ, ಆ ಬಿಯರು 'ನಮ್ಮ ನಾಡಿನದು' ಎಂಬ ಮಾತೇ ಅರ್ಧ ಸತ್ಯ. ಅದರ ಬಾರ್ಲಿ ರಾಜಸ್ಥಾನ, ಹರಿಯಾಣ, ಪಂಜಾಬಿನ ಹೊಲದ್ದು. ಕಹಿ ಕೊಡುವ ಹಾಪ್ಸ್ ಹೂವು ಬಹುಪಾಲು ಸಮುದ್ರದಾಚೆಯದು. ನಮ್ಮದೆಂಬುದು ನೀರು ಮತ್ತು ದುಡಿಯುವವರ ಕೈ. ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ ಬಿಸಿಲು ಕಾಯುತ್ತ ಜಮಖಂಡಿಗೆ ಬಂದಿಳಿದ ಬಾಟಲಿಯ ರುಚಿ ಬೆಂಗಳೂರಿನ ರುಚಿಯೂ ಆಗಿರಲಾರದು.

ಹಾಗಾದರೆ ಈ ಸೀಮೆಯ ಸ್ವಂತ ಪಾನ ಯಾವುದು?

ಬಿಯರಿನ ಮೂಲ ತತ್ತ್ವ ಸರಳವಾದುದು. ಧಾನ್ಯವನ್ನು ನೆನೆಸಿ ಮೊಳಕೆ ಬರಿಸಿದರೆ ಅದರ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ಆ ಸಕ್ಕರೆಯನ್ನು ಹುದುಗು ತಿಂದು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಬಾರ್ಲಿಯೇ ಬೇಕೆಂದಿಲ್ಲ. ಆಫ್ರಿಕಾದ ಬಹುಭಾಗದಲ್ಲಿ ಹಳ್ಳಿಯ ಬಿಯರು ಜೋಳದಿಂದಲೇ ಆಗುತ್ತದೆ. ಅದೂ ನಮ್ಮ ರೊಟ್ಟಿಯ ಜೋಳದ ಜಾತಿಯದೇ. 1988ರಲ್ಲಿ ನೈಜೀರಿಯಾ ಸರಕಾರ ಬಾರ್ಲಿಯ ಆಮದನ್ನು ನಿಲ್ಲಿಸಿದಾಗ ಅಲ್ಲಿಯ ದೊಡ್ಡ ಕಾರ್ಖಾನೆಗಳೂ ಜೋಳಕ್ಕೆ ಹೊರಳಿದವು. ನಮ್ಮ ಬೀಳಗಿ, ಜಮಖಂಡಿಯ ಎರೆಹೊಲಗಳಲ್ಲಿ ಶತಮಾನಗಳಿಂದ ಜೋಳವೇ ಬೆಳೆದರೂ ಇಲ್ಲಿಯ ಜನ ಅದನ್ನು ಬಿಯರಾಗಿಸಲಿಲ್ಲ, ಅಂಬಲಿಯಾಗಿಸಿದರು. ಅಂಬಲಿಗೆ ಮೊಳಕೆ ಬೇಡ. ಹಿಟ್ಟು ಕದಡಿ ರಾತ್ರಿಯಿಡೀ ಇಟ್ಟರೆ ಮೊಸರನ್ನು ಹೆಪ್ಪುಗಟ್ಟಿಸುವಂತಹ ಸೂಕ್ಷ್ಮಜೀವಿಗಳೇ ಅದಕ್ಕೆ ಹುಳಿ ತರುತ್ತವೆ. ಬೆಳಿಗ್ಗೆ ಕುದಿಸಿ, ಮಜ್ಜಿಗೆ ಬೆರೆಸಿ, ಉಳ್ಳಾಗಡ್ಡಿ ಕಚ್ಚಿಕೊಂಡು ಕುಡಿದರೆ ಏಪ್ರಿಲ್ ತಿಂಗಳ ಬಿಸಿಲಿಗೂ ಹೊಲದ ಕೆಲಸ ನಡೆಯುತ್ತದೆ. ಬಿಯರಿನ ದಾರಿಯಲ್ಲಿ ಹೊರಟು ಅರ್ಧದಲ್ಲೇ ಹೊಟ್ಟೆಯ ಕಡೆಗೆ ತಿರುಗಿದ ಪಾನವೆಂದು ನಾನು ಅದನ್ನು ಕರೆಯುತ್ತೇನೆ. ಅಂಬಲಿಯ ಹಂಬಲದಿಂದ ಕಣ್ಣು ತೇವಗೊಂಡವರನ್ನು ಮಾತ್ರ ಯಾವ ಮದುವೆಯ ಮೇಜಿನಲ್ಲಿಯೂ ಕಂಡಿಲ್ಲ!

ಅಮಲಿನ ಪಾನವೂ ಇಲ್ಲಿತ್ತು. ಹಳ್ಳದ ದಂಡೆಯ ಈಚಲು ಮರದಿಂದ ಇಳಿಸುವ ಶಿಂದಿ, ಭಟ್ಟಿಯಿಂದ ಇಳಿಸುವ ಶೆರೆ. ಇದರ ಚರಿತ್ರೆ ಉದ್ದವಾದುದು. ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಹಳಗನ್ನಡದ ಕವಿಗಳು ನಂಬಿದ್ದರು. ಅವುಗಳಲ್ಲಿ ಮಧುಪಾನವೂ ಒಂದು. ಮುಧೋಳದ ಮಣ್ಣಿನ ಮಗನಾದ ರನ್ನನೂ ಆ ಸಂಪ್ರದಾಯದಲ್ಲೇ ಬೆಳೆದವನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಮದಿರಾಪಾನಕ್ಕೂ ಸ್ಥಾನವಿದೆ. ಅದೇ ಕಲ್ಯಾಣದಲ್ಲಿ ಕೆಲವು ದಶಕಗಳ ತರುವಾಯ ಹೆಂಡದ ಮಾರಯ್ಯನೆಂಬ ಶರಣನಿದ್ದನು. ಹೆಂಡ ಮಾರುವುದು ಅವನ ಕಾಯಕ. ಕುಡಿಯಲು ಬಂದವರಿಗೆ ಆ ಚಟದಿಂದ ಬಿಡುಗಡೆಯ ಮಾತು ಹೇಳುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಅರಸನ ಗ್ರಂಥದಲ್ಲಿ ಕುಡಿತವು ವಿನೋದ. ಅದನ್ನು ಅಳೆದು ಕೊಡುವವನ ವಚನಗಳಲ್ಲಿ ಅದು ಆತ್ಮದ ಪ್ರಶ್ನೆ.

ಸರಿಸುಮಾರು ಅದೇ ಕಾಲದಲ್ಲಿ ಜರ್ಮನಿಯ ಒಂದು ಕನ್ಯಾಮಠದಲ್ಲಿ ಬಿಂಗೆನ್ನಿನ ಸಂತ ಹಿಲ್ಡೆಗಾರ್ಡಳು ಗಿಡಮೂಲಿಕೆಗಳ ಗ್ರಂಥವೊಂದನ್ನು ಬರೆಯುತ್ತ, ಹಾಪ್ಸ್ ಹೂವಿನ ಕಹಿಯು ಪಾನೀಯವನ್ನು ಕೆಡದಂತೆ ಕಾಯುತ್ತದೆಂಬುದನ್ನು ದಾಖಲಿಸಿದಳು. 2012ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಆಕೆಯನ್ನು ಧರ್ಮಸಭೆಯ ಪಂಡಿತಳೆಂದು ಘೋಷಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಯೂರೋಪಿನ ಮಠಗಳಲ್ಲಿ ಬಿಯರು ಉಪವಾಸದ ದಿನಗಳ ಆಹಾರವೂ ಆಗಿತ್ತು. ಕುದಿಸಿ ಮಾಡಿದ್ದರಿಂದ ಅದು ನೀರಿಗಿಂತ ಸುರಕ್ಷಿತವಾಗಿತ್ತು. ಮಠದ ಹೊಲದ ಧಾನ್ಯ, ಮಠದ ಹಂಡೆ, ಅಳತೆಯ ಲೋಟ. ಬೆಲ್ಜಿಯಂನ ಕೆಲವು ಮಠಗಳಲ್ಲಿ ಇಂದಿಗೂ ಆ ಪದ್ಧತಿಯಿದೆ. 'ಪ್ರಾದೇಶಿಕ ಬಿಯರು' ಎಂಬ ಮಾತಿಗೆ ನಿಜವಾದ ಅರ್ಥವಿರುವುದು ಅಲ್ಲಿ. ನಮ್ಮಲ್ಲಿ ಅಂತಹದೊಂದು ಬೆಳೆಯಲಿಲ್ಲ. ನಮ್ಮಲ್ಲಿ ಬೆಳೆದದ್ದು ಅಬಕಾರಿ.

ಬ್ರಿಟಿಷರು 1878ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಅಬಕಾರಿ ಕಾಯ್ದೆ ತಂದರು. ಆಗ ಈ ಪುಟ್ಟ ಸೀಮೆಯಲ್ಲಿ ಎಷ್ಟು ಸರಕಾರಗಳಿದ್ದವೆಂಬುದನ್ನು ಗಮನಿಸಿ. ಬೀಳಗಿ ಬ್ರಿಟಿಷರ ಕಲಾದಗಿ (ಮುಂದೆ ವಿಜಾಪುರ) ಜಿಲ್ಲೆಗೆ ಸೇರಿತ್ತು. ಮುಧೋಳದಲ್ಲಿ ಘೋರ್ಪಡೆಯವರು, ಜಮಖಂಡಿಯಲ್ಲಿ ಪಟವರ್ಧನರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಅದಕ್ಕೆ ಅಂಟಿಕೊಂಡ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದವು. ಒಂದೇ ಸಂತೆಗೆ ಹೋಗುವ ಜನರ ಮೇಲೆ ನಾಲ್ಕು ಆಡಳಿತಗಳು.

1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಮರುವರ್ಷವೇ ಮುಂಬಯಿಯ ಬಿ. ಜಿ. ಖೇರ್ ಸರಕಾರ ಪಾನನಿಷೇಧ ಕಾಯ್ದೆಯನ್ನು ಜಾರಿಗೆ ತಂದಿತು. 1950ರ ಏಪ್ರಿಲ್ ವೇಳೆಗೆ ಪ್ರಾಂತ್ಯವೆಲ್ಲ ಒಣಗಿತು. ಈ ಕಾಯ್ದೆಯ ಹಿಂದಿನ ದೃಢ ಸಂಕಲ್ಪ ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರದು. ನಮಗೆ ಇನ್ನೂ ಹತ್ತಿರದ ಒಂದು ಹೆಸರಿದೆ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಜಮಖಂಡಿ ಸಂಸ್ಥಾನದ ದಿವಾನರಾಗಿದ್ದ ಬಿ. ಡಿ. ಜತ್ತಿಯವರು ವಿಲೀನದ ಬಳಿಕ ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. ಅನಂತರ 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಮುಂದೆ ದೇಶದ ಉಪರಾಷ್ಟ್ರಪತಿ.

ಈ ಕಾಯ್ದೆ ನಮ್ಮ ದೇವಾಲಯಗಳನ್ನೂ ಮುಟ್ಟಬಹುದಾಗಿತ್ತು. ಬಲಿಪೂಜೆಗೆ ದ್ರಾಕ್ಷಾರಸ ಬೇಕೇ ಬೇಕು. ಧಾರ್ಮಿಕ ವಿಧಿಗಾಗಿ ಅದರ ಬಳಕೆಗೆ ಅನುಮತಿ ನೀಡಬಹುದೆಂಬ ಕಲಮೊಂದನ್ನು ಕಾಯ್ದೆಯಲ್ಲಿಯೇ ಇರಿಸಿದ್ದರು. ಆರೋಗ್ಯದ ಕಾರಣ ಹೇಳಿ ಪರ್ಮಿಟ್ಟು ಪಡೆಯುವ ದಾರಿಯೂ ಇತ್ತು. ಅದು ಯಾರಿಗೆ ದೊರೆಯುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ಎಫ್. ಎನ್. ಬಲ್ಸಾರಾ ಎಂಬವರು ಕಾಯ್ದೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದಾಗ, 1951ರಲ್ಲಿ ಸರ್ವೋಚ್ಚ ನ್ಯಾಯಾಲಯ ಮದ್ಯಸಾರ ಬೆರೆತ ಔಷಧಿ ಮೊದಲಾದವುಗಳ ನಿರ್ಬಂಧವನ್ನು ತೆಗೆದು, ಕಾಯ್ದೆಯ ಮುಖ್ಯ ಭಾಗವನ್ನು ಎತ್ತಿಹಿಡಿಯಿತು.

ಬಡವನಿಗೆ ಪರ್ಮಿಟ್ಟು ಇರಲಿಲ್ಲ, ಬೆಲ್ಲವಿತ್ತು. ಮಹಾಲಿಂಗಪುರದ ಬೆಲ್ಲದ ಪೇಟೆ ಈ ಭಾಗದಲ್ಲೆಲ್ಲ ಹೆಸರಾದುದು. ಬೆಲ್ಲವನ್ನು ಜಾಲಿಯ ತೊಗಟೆಯೊಂದಿಗೆ ಕೊಳೆಹಾಕಿ, ನವಸಾಗರ ಬೆರೆಸಿ ಕದ್ದು ಇಳಿಸುವ ಹಾತಭಟ್ಟಿಯ ಶೆರೆ, ನಿಷೇಧದ ವರ್ಷಗಳಲ್ಲಿ ಮುಂಬಯಿ ಪ್ರಾಂತ್ಯದ ಎಲ್ಲ ಕಡೆಯೂ ಹರಡಿತು. ನಿಷೇಧ ಸಂಪೂರ್ಣ ವಿಫಲವಾಯಿತೆಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಂಗಡಿ ಬಾಗಿಲಲ್ಲಿಲ್ಲದಿದ್ದರೆ ಕುಡಿತ ಕಷ್ಟದ ಕೆಲಸವಾಗುತ್ತದೆ, ಕಷ್ಟವಾದದ್ದನ್ನು ಹಲವರು ಬಿಡುತ್ತಾರೆ. ಆದರೆ ಉಳಿದವರು ಕುಡಿದದ್ದು ಮೊದಲಿಗಿಂತ ಕೆಟ್ಟದ್ದನ್ನು.

1956ರಲ್ಲಿ ಏಕೀಕರಣವಾಯಿತು. ಮುಂಬಯಿಯಿಂದ ಬಂದ ನಮ್ಮ ಜಿಲ್ಲೆಗಳಲ್ಲಿ ಮುಂಬಯಿಯ ನಿಷೇಧ ಮುಂದುವರಿಯಿತು. ಅತ್ತ ಬೆಂಗಳೂರಿನಲ್ಲಿ ಬಿಯರಿನ ಕಾರ್ಖಾನೆ ನಡೆಯುತ್ತಲೇ ಇತ್ತು. ಒಂದೇ ರಾಜ್ಯ, ಒಂದೇ ಭಾಷೆ, ಎರಡು ಕಾನೂನು. 1961ರಲ್ಲಿ ಗೋವಾ ಭಾರತಕ್ಕೆ ಸೇರಿದಾಗ ಬೆಳಗಾವಿಯ ಘಟ್ಟದ ಕೆಳಗೇ ನಿಷೇಧವಿಲ್ಲದ ನಾಡೊಂದು ತೆರೆದುಕೊಂಡಿತು. ಕೊನೆಗೆ 1967ರಲ್ಲಿ ಮೈಸೂರು ಸರಕಾರ ನಿಷೇಧವನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪನವರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ಹೆಂಡದ ವಿರುದ್ಧ ನಡೆದ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋದವರೂ ಅವರೇ. ಮರ ಕಡಿದ ಕೈ ಅಂಗಡಿಯ ಬೀಗ ತೆಗೆಯಬೇಕಾಯಿತು. ಅದನ್ನು ಒಬ್ಬ ವ್ಯಕ್ತಿಯ ಸೋಲೆಂದು ನೋಡುವುದು ನ್ಯಾಯವಲ್ಲ. ಶಾಲೆ, ರಸ್ತೆ, ಅಣೆಕಟ್ಟುಗಳಿಗೆ ಹಣ ಬೇಕಾದ ಸರಕಾರಕ್ಕೆ ಅಬಕಾರಿಯಷ್ಟು ಸುಲಭದ ಆದಾಯ ಬೇರೊಂದು ಕಾಣಲಿಲ್ಲ. ಅಂದಿನಿಂದ ಇಂದಿನವರೆಗೆ ಯಾವ ಪಕ್ಷದ ಸರಕಾರಕ್ಕೂ ಕಂಡಿಲ್ಲ.

ಹೀಗೆ, ವಾಚಕರೇ, 'ನಮ್ಮ ಕಾಲದ ಬಿಯರು' ಜಮಖಂಡಿ ಸೀಮೆಗೆ ನಿರ್ಭಯವಾಗಿ ಬಂದದ್ದು 1967ರ ತರುವಾಯ. ಬಂದಾಗಲೂ ಅದು ಸಂಬಳದವರ ಪಾನ. 650 ಮಿಲಿಲೀಟರಿನ ಕಂದು ಬಾಟಲಿ, ಕಟ್ಟಿಗೆಯ ಹೊಟ್ಟಿನಲ್ಲಿ ಹುದುಗಿಸಿಟ್ಟ ಬರ್ಫದ ಗಡ್ಡೆ, ಶಿಕ್ಷಕರು, ಗುತ್ತಿಗೆದಾರರು, ಕಾರಖಾನೆಯ ಗುಮಾಸ್ತರು. ಬಡವರ ಮನೆಗೆ ಆ ಬಾಟಲಿ ಬರುತ್ತಿದ್ದುದು ಖಾಲಿಯಾದ ಮೇಲೆ, ಚಿಮಣಿ ಎಣ್ಣೆ ತುಂಬಿಸಿಡಲು. ನೇಕಾರನಿಗೆ, ಕಬ್ಬು ಕಡಿಯುವವನಿಗೆ ಇದ್ದದ್ದು ಸರಕಾರಿ ಗುತ್ತಿಗೆಯ ಸಾರಾಯಿ. ಮೊದಲು ಅಳತೆಯ ಪಾತ್ರೆಯಲ್ಲಿ, ಅನಂತರ ಪ್ಲಾಸ್ಟಿಕ್ ಪೊಟ್ಟಣದಲ್ಲಿ.

ಬನಹಟ್ಟಿಯಲ್ಲಿ ಎಂಬತ್ತು ದಾಟಿದ ಒಬ್ಬ ತಾಯಿಯ ಪರಿಚಯ ನನಗುಂಟು. ಸೀರೆಯ ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗದ ಮನೆಗೇ ಸೊಸೆಯಾಗಿ ಬಂದವರು. ನಾನು ಹೇಳಿದ ಈ ಕಾಯ್ದೆಗಳ ಹೆಸರು, ಇಸವಿ ಅವರಿಗೆ ಗೊತ್ತಿಲ್ಲ. ಆದರೆ ಪ್ರತಿಯೊಂದೂ ಅವರ ಮನೆಯ ಲೆಕ್ಕದಲ್ಲಿ ದಾಖಲಾಗಿದೆ. ಹುಡುಗಿಯಾಗಿದ್ದಾಗ ತಂದೆ ಊರ ಹೊರಗಿನ ಹಳ್ಳಕ್ಕೆ ಕತ್ತಲಲ್ಲಿ ಹೋಗಿ ಬರುತ್ತಿದ್ದುದು. ಮದುವೆಯಾದ ಮೇಲೆ ಅಂಗಡಿ ಪೇಟೆಯೊಳಗೇ ಬಂದು ಕುಳಿತದ್ದು. ಬಟವಾಡೆಯ ದಿನ ಗಂಡ ಮನೆಗೆ ಬರುವ ಮೊದಲೇ ಸಾವಕಾರನ ಬಾಗಿಲಲ್ಲಿ ತಾವು ನಿಂತು ಅರ್ಧ ಕೂಲಿ ಇಸಕೊಂಡು ಜೋಳದ ಗಡಿಗೆಯಲ್ಲಿ ಮುಚ್ಚಿಟ್ಟದ್ದು. ಪೊಟ್ಟಣ ಬಂದ ಮೇಲೆ ಮಗ್ಗದ ಕುಣಿಯಲ್ಲಿಯೂ ಅದನ್ನು ಕಂಡದ್ದು. ಮದುವೆಯ ಮನೆಯ ಹಳೆಯ ಬಿಯರಿನ ಮಾತನ್ನು ನಾನು ಅವರ ಮುಂದೆ ನಗುತ್ತ ಎತ್ತಿದಾಗ ಅವರೂ ನಕ್ಕರು. "ಬಾಟ್ಲಿ ಬ್ಯಾರೆ ಬ್ಯಾರೆ ಬಂದುವ್ರೀ ಫಾದರ್, ಗಡಿಗಿ ಅದ$ ಐತಿ" ಎಂದರು.

ಸಾರಾಯಿಯ ಮುಂದಿನ ಕಥೆ ನಿಮಗೆ ತಿಳಿದದ್ದೇ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2004ರಲ್ಲಿ ಕರಾವಳಿಯನ್ನು ಬಿಟ್ಟು ಉಳಿದೆಡೆ ಶಿಂದಿಯನ್ನು ನಿಷೇಧಿಸಿದರು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಆಗ ಹಲವು ಊರುಗಳಲ್ಲಿ ಹೆಂಗಸರು ಸಂತೋಷಪಟ್ಟದ್ದು ನಿಜ. ಮರುವರ್ಷವೇ ರಾಜ್ಯದ ದಕ್ಷಿಣ ಭಾಗದಲ್ಲಿ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಉಳಿದವರು ಅಗ್ಗದ ವಿಸ್ಕಿಯ ಚಿಕ್ಕ ಕಾಗದದ ಡಬ್ಬಿಗೆ ಹೊರಳಿದರು. ಅದು ಸಾರಾಯಿಗಿಂತ ದುಬಾರಿ. ಕೂಲಿಯವನ ಕಿಸೆಯಿಂದ ಹೋಗುವ ಹಣ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಈಚಲು ಮರ ಹತ್ತುತ್ತಿದ್ದವರ ವಿದ್ಯೆ ಒಂದು ತಲೆಮಾರಿನಲ್ಲಿ ಮರೆಯಾಯಿತು. ಶಿಂದಿಗಾಗಿ ಹಂಬಲಿಸುವ ಲೇಖನಗಳನ್ನು ಯಾರೂ ಬರೆಯುವುದಿಲ್ಲ. ಅದನ್ನು ಕುಡಿದವರಿಗೆ ಬರೆಯುವ ರೂಢಿಯಿರಲಿಲ್ಲ.

ಆ ಅಗ್ಗದ ವಿಸ್ಕಿ ಎಲ್ಲಿಂದ ಬರುತ್ತದೆಂದು ಕೇಳಿದರೆ ಉತ್ತರ ಮತ್ತೆ ನಮ್ಮ ಹೊಲಗಳಿಗೇ ಕರೆತರುತ್ತದೆ. ನಮ್ಮ ದೇಶದ ಸಾಮಾನ್ಯ ವಿಸ್ಕಿ, ರಮ್, ಹಿಂದಿನ ಸಾರಾಯಿ, ಎಲ್ಲದರ ಮೂಲ ಬಹುಮಟ್ಟಿಗೆ ಕಬ್ಬಿನ ಕಾಕಂಬಿ. ಒಂದು ಟನ್ ಕಬ್ಬು ಅರೆದರೆ ಸುಮಾರು ನೂರು ಕಿಲೋ ಸಕ್ಕರೆ ಬರುತ್ತದೆ, ಜೊತೆಗೆ ನಲವತ್ತು ಕಿಲೋಕ್ಕೂ ಮೇಲ್ಪಟ್ಟು ಕಾಕಂಬಿ. ಆ ಕಾಕಂಬಿಯಿಂದ ಸುಮಾರು ಹತ್ತು ಲೀಟರ್ ಮದ್ಯಸಾರ ಇಳಿಯುತ್ತದೆ. ನೀರಾವರಿ ಬಂದಂತೆ ಮುಧೋಳ, ಜಮಖಂಡಿಯ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಸಮೀರವಾಡಿಯಲ್ಲಿ, ಮುಧೋಳದಲ್ಲಿ ಸಕ್ಕರೆ ಕಾರಖಾನೆಗಳು ಎದ್ದವು. ಅಂಬಲಿಯ ಜೋಳ ಈಗ ಬೀಳಗಿಯ ಒಣಭೂಮಿಯ ಕಡೆಗೆ ಸರಿದಿದೆ. ರಬಕವಿಯ ಸಂತೆಯಲ್ಲಿ ಒಳ್ಳೆಯ ಬಿಳಿಜೋಳದ ಬೆಲೆ ಕೇಳಿದರೆ ಮಧ್ಯಮ ವರ್ಗದವರೂ ಒಂದು ಕ್ಷಣ ಯೋಚಿಸುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಆ ಮದ್ಯಸಾರಕ್ಕೆ ಹೊಸ ಗಿರಾಕಿ ಬಂದಿದ್ದಾನೆ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಇಥೆನಾಲ್ ಬೆರೆಸುವ ಗುರಿಯನ್ನು ದೇಶ ಮುಟ್ಟಿತು. ಸಮೀರವಾಡಿಯ ಕಾರಖಾನೆಯಿಂದ ಹೊರಡುವ ಟ್ಯಾಂಕರುಗಳು ಈಗ ತೈಲ ಕಂಪನಿಗಳ ಕಡೆಗೆ ಸಾಗುತ್ತವೆ. ಈ ನಾಲ್ಕು ತಾಲ್ಲೂಕುಗಳ ಮಣ್ಣಿನಿಂದ ಇಳಿಯುವ ಮದ್ಯಸಾರದ ದೊಡ್ಡ ಪಾಲನ್ನು ಈಗ ಕುಡಿಯುತ್ತಿರುವುದು ನಮ್ಮ ಮೋಟಾರು ಸೈಕಲ್ಲುಗಳು.